ಕಲ್ಲುಗಳ ಸಾಕ್ಷಿ

ಓದತಕ್ಕ ಭಾಗ: ಯೋಬನ ಗ್ರಂಥ, 28ನೆಯ ಅಧ್ಯಾಯ



ರಾಯಚೂರಿನ ಕೋಟೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅದರ ಪಶ್ಚಿಮದ ಗೋಡೆಯಲ್ಲಿ 40 ಅಡಿಗೂ ಮಿಕ್ಕ ಉದ್ದವುಳ್ಳ ಒಂದೇ ಕಲ್ಲು ಉಂಟು. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವೂ ಅಲ್ಲಿ ಕೆತ್ತಲ್ಪಟ್ಟಿದೆ. ಕೋಟೆಯು 1294ರಲ್ಲಿ ಕಟ್ಟಲ್ಪಟ್ಟಿತೆಂದು ಆ ಕಲ್ಲಿನ ಶಾಸನವು ಹೇಳುತ್ತದೆ. ಗೋಡೆಯ ವಯಸ್ಸು ಹೀಗೆ ಗೊತ್ತಾಯಿತು. ಆದರೆ ಆ ಕಲ್ಲಿನ ವಯಸ್ಸು ಎಷ್ಟು? ಮನುಷ್ಯನ ಉಳಿ ತಾಕುವದಕ್ಕೆ ಮುಂಚೆ ಅದು ಎಷ್ಟು ಕಾಲ ಗುಡ್ಡದಲ್ಲಿ ಮಲಗಿತ್ತು?

ಈ ಪ್ರಶ್ನೆಯನ್ನು ಎತ್ತುವದಕ್ಕೆ ನನಗೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಮಾನ್ವಿ ಸೀಮೆಯ ಒಂದು ಹಳ್ಳಿಯಲ್ಲಿ ಆದಿತ್ಯವಾರದ ಪಾಠವನ್ನು ಹೇಳುತ್ತಿರುವಾಗ, ಲೋಕವು ಉಂಟಾಗಿ ಆರು ಸಾವಿರ ವರ್ಷಗಳಾದವೆಂದು ಕಲಿಸಿದೆನು. ಕಲ್ಲು ಒಡೆಯುವವನ ಮಗನಾದ ಒಬ್ಬ ಯೌವನಸ್ಥನು ಎದ್ದು, “ಅಯ್ಯನವರೇ, ನಮ್ಮ ಗುಡ್ಡದ ಕಲ್ಲಿಗೇ ಇನ್ನೂರೈವತ್ತು ಕೋಟಿ ವರ್ಷವಾಯಿತೆಂದು ಕಾಲೇಜಿನಲ್ಲಿ ಹೇಳಿದರು. ಯಾವದು ನಿಜ?” ಎಂದು ಕೇಳಿದನು. ನಾನು ಸಭೆಯ ಮುಂದೆಯೇ, “ಸತ್ಯವೇದವನ್ನು ನಂಬುವಿಯೋ, ಕಾಲೇಜನ್ನು ನಂಬುವಿಯೋ?” ಎಂದು ಗದರಿಸಿದೆನು. ಅವನು ಸುಮ್ಮನೆ ಕುಳಿತುಕೊಂಡನು. ಮರುವಾರದಿಂದ ಅವನ ತಾಯಿ ಒಬ್ಬಳೇ ಆರಾಧನೆಗೆ ಬರುತ್ತಿದ್ದಳು. ಆಕೆ ನನ್ನ ಮೇಲೆ ಒಂದು ದೂರನ್ನೂ ಹೇಳಲಿಲ್ಲ. ಅದೇ ನನ್ನ ಮನಸ್ಸನ್ನು ಚುಚ್ಚಿತು. ಆದಕಾರಣ ನಾನು ಸಂಗತಿಯನ್ನು ವಿಚಾರಿಸುವದಕ್ಕೆ ಹೊರಟೆನು. ಕಂಡುಕೊಂಡದ್ದನ್ನು ಮೂರು ಭಾಗವಾಗಿ ಹೇಳುವೆನು.

ಮೊದಲನೆಯದು, ಆರು ಸಾವಿರ ವರ್ಷವೆಂಬ ಲೆಕ್ಕವು ಎಲ್ಲಿಂದ ಬಂತು? ಆದಿಕಾಂಡವನ್ನು ಮೊದಲಿನಿಂದ ಕಡೆಯ ವರೆಗೆ ಓದಿರಿ; ಆ ಸಂಖ್ಯೆಯು ಎಲ್ಲಿಯೂ ಇಲ್ಲ. 1650ರಲ್ಲಿ ಐರ್ಲೆಂಡ್ ದೇಶದ ಆರ್ಚ್‌ಬಿಷಪನಾದ ಜೇಮ್ಸ್ ಅಷರ್ ಎಂಬವನು ವಂಶಾವಳಿಗಳನ್ನೂ ಅರಸುಗಳ ಆಳಿಕೆಗಳನ್ನೂ ಕೂಡಿಸಿ, ಸೃಷ್ಟಿಯು ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ಎಣಿಸಿದನು. ಅವನು ದೊಡ್ಡ ಪಂಡಿತನು, ಭಕ್ತನು. ಮುಂದೆ ಅವನ ಲೆಕ್ಕವನ್ನು ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಅಚ್ಚುಹಾಕಿದರು. ಆರ್ಥರ್ ಹೋಮ್ಸ್ ಎಂಬ ಹುಡುಗನು ತನ್ನ ಮನೆಯ ಬೈಬಲಿನಲ್ಲಿ ಈ ಸಂಖ್ಯೆಯನ್ನು ನೋಡಿ, ನಾಲ್ಕು ಸಾವಿರದ ಮೇಲೆ ಆ ನಾಲ್ಕು ಯಾಕೆಂದು ಯೋಚಿಸಿದನು. ಅವನೇ ದೊಡ್ಡವನಾಗಿ 1913ರಲ್ಲಿ ಭೂಮಿಯ ವಯಸ್ಸನ್ನು ಕುರಿತು ಪ್ರಸಿದ್ಧವಾದ ಗ್ರಂಥವನ್ನು ಬರೆದನು. ಪ್ರಿಯರೇ, ಅಂಚಿನಲ್ಲಿದ್ದ ಮನುಷ್ಯನ ಲೆಕ್ಕವನ್ನು ನಾನು ದೇವರ ವಾಕ್ಯವೆಂದು ಕಲಿಸಿದ್ದೆನು.

ಎರಡನೆಯದು, ಕಲ್ಲು ತನ್ನ ವಯಸ್ಸನ್ನು ಹೇಗೆ ಹೇಳುತ್ತದೆ? ಇದರಲ್ಲಿ ಎರಡು ಮೆಟ್ಟಲುಗಳುಂಟು. ಯಾವದು ಹಿರಿಯದು, ಯಾವದು ಕಿರಿಯದು ಎಂದು ತಿಳಿಯುವದು ಮೊದಲನೆಯ ಮೆಟ್ಟಲು. ನಮ್ಮ ಮನೆಗಳಿಗೆ ಹಾಸುವ ಶಹಾಬಾದಿನ ಕಲ್ಲನ್ನು ನೋಡಿರಿ. ಅದು ಗಣಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ಪದರು ಪದರಾಗಿದೆ. ಕೆಳಗಿನ ರೊಟ್ಟಿಯನ್ನು ಮೊದಲು ಇಟ್ಟರಷ್ಟೆ. ಈ ನಿಯಮವನ್ನು 1669ರಲ್ಲಿ ಬರೆದು ತೋರಿಸಿದ ನಿಕೊಲಾಸ್ ಸ್ಟೆನೋ ಎಂಬವನು ಮುಂದೆ ಬಿಷಪನಾದನು. ಕಲಬುರಗಿ ಸೀಮೆಯಲ್ಲಿ ಆ ಪದರುಗಳ ಅಡಿಯಲ್ಲಿ ನಮ್ಮ ಗುಡ್ಡಗಳ ಜಾತಿಯ ಗ್ರಾನೈಟ್ ಕಲ್ಲು ಇದೆ. ಅವುಗಳ ಮೇಲೆ, ಅಗ್ನಿದ್ರವವು ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು ಇದೆ. ಹೀಗೆ ಗ್ರಾನೈಟ್ ಎಲ್ಲಕ್ಕಿಂತ ಹಿರಿಯದು, ಕಪ್ಪು ಕಲ್ಲು ಕಿರಿಯದು. ದೇವದುರ್ಗ, ಮಾನ್ವಿ ಸೀಮೆಗಳ ಗ್ರಾನೈಟಿನಲ್ಲಿ ಅಲ್ಲಲ್ಲಿ ಕರಿಕಲ್ಲಿನ ಪಟ್ಟೆಯು ಗೋಡೆಯ ಹಾಗೆ ನೆಟ್ಟಗೆ ಹಾದುಹೋಗಿರುವದನ್ನು ಕಲ್ಲುಕುಟಿಗರು ಬಲ್ಲರು. ಬಟ್ಟೆ ಇಲ್ಲದೆ ಹೊಲಿಗೆ ಇಲ್ಲ. ಹಾಗೆಯೇ ಸೀಳಲ್ಪಟ್ಟ ಕಲ್ಲು ಮೊದಲು ಇತ್ತು, ಸೀಳಿಕೊಂಡು ಬಂದ ಕಲ್ಲು ತರುವಾಯ ಬಂತು.

ವರ್ಷಗಳನ್ನು ಎಣಿಸುವದು ಎರಡನೆಯ ಮೆಟ್ಟಲು. ಹಟ್ಟಿಯ ಚಿನ್ನದ ಗಣಿಯ ಪುರಾತನ ಗುಂಡಿಗಳಲ್ಲಿ ಸಿಕ್ಕಿದ ಮರವನ್ನು ಪರೀಕ್ಷಿಸಿ, ಅದಕ್ಕೆ ಸುಮಾರು 2,000 ವರ್ಷವೆಂದು ತಿಳಿದಿದ್ದಾರೆ. ಜೀವವಿದ್ದ ವಸ್ತುವಿನಲ್ಲಿರುವ ಒಂದು ಬಗೆಯ ಇಂಗಾಲವು ಕ್ರಮವಾಗಿ ಕುಂದುವದರಿಂದ ಇದು ಸಾಧ್ಯ. ಆದರೆ ಆ ಗಡಿಯಾರವು ಸುಮಾರು 50,000 ವರ್ಷಗಳಾಚೆಗೆ ನಡೆಯದು. ಕಲ್ಲಿಗೆ ಬೇರೆ ಗಡಿಯಾರ ಬೇಕು. ಗ್ರಾನೈಟಿನಲ್ಲಿ ಸಾಸಿವೆಗಿಂತಲೂ ಸಣ್ಣದಾದ ಜಿರ್ಕಾನ್ ಎಂಬ ಹರಳುಗಳುಂಟು. ಕರಗಿದ ಕಲ್ಲು ಹೆಪ್ಪುಗಟ್ಟುವಾಗ ಈ ಹರಳು ಯುರೇನಿಯಂ ಎಂಬ ಲೋಹವನ್ನು ಸ್ವಲ್ಪ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸೀಸವನ್ನೋ ಹೊರಗೇ ಬಿಡುತ್ತದೆ. ಆ ಮೇಲೆ ಒಳಗಿನ ಯುರೇನಿಯಂ ತನ್ನಷ್ಟಕ್ಕೆ ತಾನೇ ಮೆಲ್ಲಮೆಲ್ಲನೆ ಸೀಸವಾಗುತ್ತದೆ. ಬಿಸಿಲು, ಮಳೆ, ಬೆಂಕಿ ಯಾವದೂ ಅದರ ನಡಿಗೆಯನ್ನು ಅವಸರಪಡಿಸದು, ತಡೆಯದು.

ಜೋಳವನ್ನು ಹಗೇವಿಗೆ ತುಂಬಿ ಬಾಯಿ ಮುಚ್ಚಿದಿರೆಂದು ಎಣಿಸಿರಿ. ಇಂತಿಷ್ಟು ಕಾಲದಲ್ಲಿ ಅರ್ಧ ಜೋಳವು ಹಿಟ್ಟಾಗುವದೆಂದು ನಿಶ್ಚಯವಾಗಿ ಗೊತ್ತಿದ್ದರೆ, ಉಳಿದ ಕಾಳನ್ನೂ ಹಿಟ್ಟನ್ನೂ ಅಳೆದು ಹಗೇವು ಮುಚ್ಚಿದ ದಿನವನ್ನು ಹೇಳಬಹುದು. ಕಲ್ಲು ಹೆಪ್ಪುಗಟ್ಟಿದ ಕಾಲವೇ ಹಗೇವು ಮುಚ್ಚಿದ ಕಾಲವು. ಪಂಡಿತರು ಕಲ್ಲನ್ನು ಪುಡಿಮಾಡಿ, ತೊಳೆದು, ಭಾರವಾದ ಹರಳುಗಳನ್ನು ಆರಿಸಿ, ಯಂತ್ರದಿಂದ ಅಳೆಯುತ್ತಾರೆ.

ಇಲ್ಲಿ ಒಂದು ಸಂಗತಿಯು ನನ್ನನ್ನು ಬಹಳ ಆಶ್ಚರ್ಯಪಡಿಸಿತು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಒಬ್ಬನ ಸಾಕ್ಷಿ ಸಾಲದು, ಇಬ್ಬರು ಬೇಕು. ಈ ಹರಳಿನಲ್ಲಿಯೂ ಎರಡು ಬಗೆಯ ಯುರೇನಿಯಂ ಉಂಟು. ಒಂದರ ಅರ್ಧವು ಸೀಸವಾಗುವದಕ್ಕೆ 447 ಕೋಟಿ ವರ್ಷಗಳು, ಇನ್ನೊಂದರ ಅರ್ಧಕ್ಕೆ 70 ಕೋಟಿ ವರ್ಷಗಳು ಹಿಡಿಯುತ್ತವೆ. ರಾಯಚೂರು ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅಂಥ ಹರಳಿನಲ್ಲಿ ಮೊದಲನೆಯದರ ಮೂರರಲ್ಲಿ ಒಂದು ಪಾಲಿನಷ್ಟೂ ಎರಡನೆಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟೂ ಸೀಸವಾಗಿರುತ್ತದೆ. ಬೇರೆ ಬೇರೆ ವೇಗದ ಇಬ್ಬರು ಸಾಕ್ಷಿಗಳು ಒಂದೇ ಕಾಲವನ್ನು ಹೇಳಿದರೆ ಸಾಕ್ಷಿ ನಿಲ್ಲುತ್ತದೆ. ಅವರು ಒಪ್ಪದಿದ್ದರೆ, ಹರಳಿಗೆ ನಡುವೆ ಏನೋ ಹಾನಿಯಾಯಿತೆಂದು ಪಂಡಿತರೇ ಎಚ್ಚರವಾಗುತ್ತಾರೆ.

ಭೂಮಿಯ ಮೊಟ್ಟಮೊದಲಿನ ಕಲ್ಲುಗಳು ಈಗ ಉಳಿದಿಲ್ಲ. ಅವೆಲ್ಲಾ ಕರಗಿ, ಸವೆದು, ಬೇರೆಯಾದವು. ಆದಕಾರಣ ಕ್ಲೇರ್ ಪ್ಯಾಟರ್ಸನ್ ಎಂಬವನು, ಭೂಮಿಯ ಸಂಗಡ ಉಂಟಾಗಿ ಆಕಾಶದಿಂದ ಬಿದ್ದ ಉಲ್ಕೆಗಳ ಸೀಸವನ್ನು ಅಳೆದು, 1956ರಲ್ಲಿ ಭೂಮಿಗೆ 455 ಕೋಟಿ ವರ್ಷವೆಂದು ಪ್ರಕಟಿಸಿದನು. ಈಗಿನ ಎಣಿಕೆಯು ಸುಮಾರು 454 ಕೋಟಿ, ಹೆಚ್ಚು ವ್ಯತ್ಯಾಸವಾಗಲಿಲ್ಲ.

ಮೂರನೆಯದು, ಇದರಿಂದ ನಾವು ಕಲಿಯತಕ್ಕದ್ದೇನು? ಯೋಬನು ತನ್ನ ಗೆಳೆಯರ ಮೇಲೆ ಹೊರಿಸಿದ ದೊಡ್ಡ ತಪ್ಪು ಏನೆಂದರೆ, ಅವರು ದೇವರ ಪಕ್ಷ ವಹಿಸುವದಕ್ಕಾಗಿ ನಿಜವಲ್ಲದ್ದನ್ನು ಮಾತಾಡಿದರು. ನಾನೂ ಅದನ್ನೇ ಮಾಡಿದೆನು. ದೇವರಿಗೆ ನಮ್ಮ ಸುಳ್ಳಿನ ಆಸರೆ ಬೇಡ. ಗುಡ್ಡವನ್ನು ಉಂಟುಮಾಡಿದವನು ಆತನೇ ಆಗಿದ್ದರೆ, ಗುಡ್ಡದ ಸಾಕ್ಷಿಗೆ ನಾವು ಹೆದರುವದೇಕೆ?

ಆದರೂ ಯೋಬನ 28ನೆಯ ಅಧ್ಯಾಯವನ್ನು ಮರೆಯಬೇಡಿರಿ. ಮನುಷ್ಯನು ಕತ್ತಲೆಯೊಳಗೆ ಇಳಿದು ಬಂಡೆಯನ್ನು ಕೊರೆದು ಬಂಗಾರವನ್ನು ತೆಗೆಯುವದನ್ನು ಅದು ವರ್ಣಿಸುತ್ತದೆ. ಓದುವಾಗ ನಮ್ಮ ಹಟ್ಟಿಯೇ ಕಣ್ಣಿಗೆ ಕಟ್ಟುತ್ತದೆ. ಆ ಮೇಲೆ, ಜ್ಞಾನವು ಯಾವ ಗಣಿಯಲ್ಲಿ ಸಿಕ್ಕೀತೆಂದು ಕೇಳಿ, ಕರ್ತನ ಭಯದಲ್ಲಿಯೇ ಅದನ್ನು ತೋರಿಸುತ್ತದೆ. ಎಷ್ಟು ವರ್ಷವೆಂಬುವದನ್ನು ಹರಳು ಹೇಳೀತು. ಯಾರು ಉಂಟುಮಾಡಿದನು, ನಾವು ನೆರೆಯವನ ಸಂಗಡ ಹೇಗೆ ಬಾಳತಕ್ಕದ್ದು ಎಂಬುವದನ್ನು ಹರಳು ಹೇಳದು. ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಿಂದ ಕಟ್ಟಿ, ನಮ್ಮ ಮಕ್ಕಳನ್ನು ಎರಡರಲ್ಲಿ ಒಂದನ್ನು ಬಿಡುವಂತೆ ಬಲಾತ್ಕರಿಸಬಾರದು.

ಆ ಯೌವನಸ್ಥನ ಮನೆಗೆ ನಾನು ಹೋದೆನು. ಸಭೆಯ ಮುಂದೆ ಗದರಿಸಿದ್ದರಿಂದ ಅವನ ತಂದೆತಾಯಿಗಳ ಮುಂದೆಯೇ ಕ್ಷಮೆ ಕೇಳಿದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ನನ್ನನ್ನು ಗುಡ್ಡಕ್ಕೆ ಕರಕೊಂಡು ಹೋಗಿ ಕರಿಕಲ್ಲಿನ ಪಟ್ಟೆಯನ್ನು ಮುಟ್ಟಿ ತೋರಿಸಿದನು. ಮರಳಿ ಸಭೆಗೆ ಬಂದನೋ ಎಂದು ಕೇಳುವಿರಿ. ಕ್ರಿಸ್ತಜಯಂತಿಯ ದಿವಸ ಬಂದು ಬಾಗಿಲ ಬಳಿಯಲ್ಲಿ ನಿಂತನು. ತಾಯಿ ತನ್ನ ಪಕ್ಕದ ಚಾಪೆಯನ್ನು ಸರಿಮಾಡಿದಳು. ನಿಮ್ಮ ಸಭೆಯಲ್ಲಿಯೂ ಅಂಥ ಬರಿದಾದ ಸ್ಥಳವಿದ್ದರೆ, ಆ ಮನೆಯ ಬಾಗಿಲಿಗೆ ನೀವೇ ಮೊದಲು ಹೋಗಿರಿ.

ಪರ್ವತಗಳಿಗಿಂತ ಮುಂಚಿನಿಂದಲೂ ಇರುವಾತನು ನಮ್ಮ ನಾಲಿಗೆಯನ್ನು ಸತ್ಯದಲ್ಲಿ ಕಾಪಾಡಲಿ. ಆಮೆನ್.