ಚಿಲ್ಲರೆಯ ಋಣ

ಕನ್ನಡದಲ್ಲಿ 'ಚಿಲ್ಲರೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ಕಿಸೆಯಲ್ಲಿ ಗಲಗಲ ಎನ್ನುವ ಸಣ್ಣ ಹಣ. ಇನ್ನೊಂದು, ಗಣನೆಗೆ ಬಾರದ ಸಂಗತಿ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಟ್ಟವರು ಲೋಕವ್ಯವಹಾರವನ್ನು ಬಲ್ಲವರೇ ಸರಿ. ಆದರೂ ಒಂದು ಊರಿನ ಬಾಳು ಎಂಥದೆಂದು ಅರಿಯಬೇಕಾದರೆ ಅಲ್ಲಿನ ಸೌಧಗಳಿಗಿಂತ ಚಿಲ್ಲರೆಯನ್ನು ನೋಡುವುದೇ ಮೇಲೆಂದು ನನಗೆ ತೋರುತ್ತದೆ. ಗುರುತಿಲ್ಲದ ಇಬ್ಬರು ದಿನಕ್ಕೆ ಹತ್ತು ಸಲ ಮುಖಾಮುಖಿಯಾಗುವುದು ಚಿಲ್ಲರೆಯ ಬಳಿಯಲ್ಲಿ ತಾನೆ? ಆಫ್ರಿಕದ ಎರಡು ಮಹಾನಗರಗಳನ್ನು, ಪಶ್ಚಿಮದ ಲಾಗೋಸನ್ನೂ ಪೂರ್ವದ ನೈರೋಬಿಯನ್ನೂ, ಈ ಕಿಟಕಿಯಿಂದ ನೋಡೋಣ. ನಾನು ಅವನ್ನು ಬಲ್ಲುದು ಓದಿನಿಂದ ಮತ್ತು ಅಲ್ಲಿದ್ದು ಬಂದವರ ಮಾತಿನಿಂದ.

ಎರಡೂ ಊರುಗಳ ಹುಟ್ಟು ಬೇರೆ, ಗುಣ ಬೇರೆ. ಲಾಗೋಸ್ ಕಡಲ ಹಿನ್ನೀರಿನ ಊರು. ಯೊರೂಬ ಜನ ಅದನ್ನು ಇಂದಿಗೂ 'ಏಕೊ' ಎನ್ನುತ್ತಾರೆ. 1861ರಲ್ಲಿ ಅದು ಬ್ರಿಟಿಷರ ಕೈಸೇರಿತು. ಮುಂದೆ ನೈಜೀರಿಯದ ರಾಜಧಾನಿಯಾಗಿ, 1991ರಲ್ಲಿ ಆ ಪಟ್ಟವನ್ನು ಅಬೂಜಕ್ಕೆ ಬಿಟ್ಟುಕೊಟ್ಟಿತು. ಪಟ್ಟ ಹೋದರೂ ಜನ ಹೋಗಲಿಲ್ಲ. 2006ರ ಜನಗಣತಿ ಲಾಗೋಸ್ ರಾಜ್ಯದಲ್ಲಿ ಸುಮಾರು 91 ಲಕ್ಷ ಜನರಿದ್ದಾರೆಂದಿತು; ರಾಜ್ಯ ಸರ್ಕಾರ ತನ್ನದೇ ಲೆಕ್ಕ ಹಾಕಿ 175 ಲಕ್ಷವೆಂದಿತು. ಮಕ್ಕಳ ಲೆಕ್ಕ ತಪ್ಪುವಷ್ಟು ದೊಡ್ಡ ಸಂಸಾರ! ನೈರೋಬಿಯಾದರೋ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ತಂಪು ಊರು. 1899ರಲ್ಲಿ ರೈಲುದಾರಿಯ ಬಿಡಾರವಾಗಿ ಹುಟ್ಟಿದ್ದು. ಆ ಹಳಿಗಳನ್ನು ಹಾಸಿದವರಲ್ಲಿ ಬಹುಮಂದಿ ಭಾರತದಿಂದ ಹೋದ ಕೂಲಿಗಳು. 2019ರ ಗಣತಿಯಂತೆ ಅಲ್ಲಿ ಸುಮಾರು 44 ಲಕ್ಷ ಜನ.

ಲಾಗೋಸಿನ ಬೀದಿಯಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆ ಬಳಿದ ವ್ಯಾನುಗಳು ಓಡುತ್ತವೆ. ಅವಕ್ಕೆ 'ಡ್ಯಾನ್‌ಫೊ' ಎಂದು ಹೆಸರು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ಊರಿನ ಹೆಸರುಗಳ ಜೊತೆಗೆ, ಚಿಲ್ಲರೆ ಇಟ್ಟುಕೊಂಡೇ ಹತ್ತಿ ಎಂದೂ ಕೂಗುತ್ತಾನೆ. ಚಿಲ್ಲರೆ ಇಲ್ಲದಿದ್ದರೆ? ಅದಕ್ಕೆ ಅವನು ಕಂಡುಕೊಂಡಿರುವ ಉಪಾಯ ಸ್ವಾರಸ್ಯವಾದದ್ದು. ಇಬ್ಬರಿಗೆ ನೂರು ನೂರು ನೈರಾ ಹಿಂದಿರುಗಿಸಬೇಕಾಗಿದ್ದರೆ, ಇನ್ನೂರರ ಒಂದೇ ನೋಟನ್ನು ಒಬ್ಬರ ಕೈಗಿತ್ತು, ಇಬ್ಬರೂ ಹಂಚಿಕೊಳ್ಳಿ ಎಂದು ಇಳಿಸಿಬಿಡುತ್ತಾನೆ. ಅರೆಗಳಿಗೆಯ ಹಿಂದೆ ಒಬ್ಬರ ಮುಖ ಒಬ್ಬರು ಕಂಡಿರದವರು ಈಗ ಒಂದು ನೋಟಿನಿಂದ ಗಂಟುಬಿದ್ದಿದ್ದಾರೆ. ಇಬ್ಬರೂ ಸೇರಿ ನೋಟು ಮುರಿಸಲು ಅಂಗಡಿ ಹುಡುಕಬೇಕು. ನಂಬಿದರೆ ಉಂಟು, ಇಲ್ಲದಿದ್ದರೆ ಜಗಳ.

ನೈರೋಬಿಯಲ್ಲಿ ಈ ಗಂಟು ಬಹುಮಟ್ಟಿಗೆ ಬಿಚ್ಚಿಹೋಗಿದೆ. ಅಲ್ಲಿಯೂ 'ಮಟಾಟು' ಎಂಬ ಬಣ್ಣಬಣ್ಣದ ವ್ಯಾನುಗಳಿವೆ, ಕೂಗುವ ಕಂಡಕ್ಟರಿದ್ದಾನೆ, ನಗದೂ ಓಡಾಡುತ್ತದೆ. ಆದರೆ 2007ರಲ್ಲಿ 'ಎಂ-ಪೆಸಾ' ಎಂಬ ವ್ಯವಸ್ಥೆ ಬಂದಮೇಲೆ ಸಾದಾ ಮೊಬೈಲೇ ಹಣದ ಚೀಲವಾಯಿತು. ಬೀದಿಬದಿಯ ಏಜೆಂಟನಿಗೆ ನಗದು ಕೊಟ್ಟರೆ ಅದು ಫೋನಿನಲ್ಲಿ ಅಂಕಿಯಾಗಿ ಕೂರುತ್ತದೆ. ನಾಲ್ಕು ಗುಂಡಿ ಒತ್ತಿದರೆ ತರಕಾರಿಯವಳಿಗೂ ಹಳ್ಳಿಯ ತಾಯಿಗೂ ತಲಪುತ್ತದೆ. ಕೊಡುವಷ್ಟೇ ಕೊಟ್ಟದ್ದಾಯಿತು, ಹಿಂದಿರುಗಬೇಕಾದ ಚಿಲ್ಲರೆಯೇ ಇಲ್ಲ. ಯಾರೂ ಯಾರಿಗೂ ಗಂಟುಬೀಳಬೇಕಾಗಿಲ್ಲ.

ಈ ಎರಡರಲ್ಲಿ ಯಾವುದು ಮೇಲು? ಸುಲಭದ ಉತ್ತರಗಳು ಎರಡಿವೆ. ಯಂತ್ರ ಬಂದು ಮನುಷ್ಯ ಒಂಟಿಯಾದ, ಲಾಗೋಸಿನ ಗಂಟೇ ಲೇಸು ಎಂದು ಹಳೆಯ ಕಾಲವನ್ನು ನೆನೆದು ನಿಟ್ಟುಸಿರಿಡುವುದು ಒಂದು. ಸಾಹಿತ್ಯದ ಮೇಷ್ಟರುಗಳಾದ ನಮಗೆ ಇದು ಬೇಗ ಒಗ್ಗುತ್ತದೆ. ಆದರೆ ಕತ್ತಲಾಗುವ ಹೊತ್ತಿಗೆ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಹೊರೆ ಇರುವ ಹೆಂಗಸೊಬ್ಬಳು ಆ ನೋಟಿನ ಪಾಲುದಾರಳಾದಳೆಂದು ಭಾವಿಸಿ. ಇನ್ನೊಬ್ಬ ದಾಪುಗಾಲಿಟ್ಟು ನಡೆದುಬಿಟ್ಟರೆ ಅವಳು ಓಡಿ ಹಿಡಿದಾಳೆ? 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆ ಲಾಗೋಸಿಗೂ ಸಲ್ಲುತ್ತದೆ. ಬಲವಂತದ ನಂಬಿಕೆಯ ಬೆಲೆಯನ್ನು ತೆರುವವರು ದುರ್ಬಲರೇ. ದೂರದಲ್ಲಿ ಕುಳಿತು ಅದನ್ನು ಮಾನವೀಯ ಸಂಬಂಧವೆಂದು ಕೊಂಡಾಡುವುದು, ಪರರ ಕಷ್ಟದಲ್ಲಿ ನಮ್ಮ ರಸಿಕತೆಯನ್ನು ತಣಿಸಿಕೊಂಡಂತೆ.

ಎರಡನೆಯ ಸುಲಭದ ಉತ್ತರ, ನೈರೋಬಿ ಋಣಮುಕ್ತವಾಯಿತು ಎಂಬುದು. ಇದೂ ನಿಲ್ಲದು. ಹಿಂದೆ ಊರಿಗೆ ಹಣ ಕಳಿಸಬೇಕಾದರೆ ಆ ಕಡೆ ಹೋಗುವ ಬಸ್ಸಿನವನನ್ನೋ ನೆಂಟನನ್ನೋ ಕಾಯಬೇಕಿತ್ತು. ಯಾರೂ ಸಿಗಲಿಲ್ಲವೆಂದರೆ ಅದು ಒಪ್ಪತಕ್ಕ ಕಾರಣವಾಗಿತ್ತು. ಈಗ ಕಾರಣವೇ ಉಳಿದಿಲ್ಲ, ದಾರಿ ಅಂಗೈಯಲ್ಲಿದೆ. ಸೋದರಮಾವನ ಆಸ್ಪತ್ರೆಯ ಖರ್ಚು, ತಂಗಿಯ ಶಾಲೆಯ ಶುಲ್ಕ, ಸತ್ತವರ ಮಣ್ಣಿನ ವೆಚ್ಚ ಎಲ್ಲಕ್ಕೂ ಫೋನು ಮಿಡಿಯುತ್ತದೆ. ಕೂಡಿ ಭಾರ ಎತ್ತುವ 'ಹರಂಬೆ' ಎಂಬ ಹಳೆಯ ರೂಢಿ ಫೋನಿನೊಳಗೇ ಮನೆಮಾಡಿದೆ. ಹೀಗೆ ಬಂಧುಗಳ ಋಣ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಅದರ ಜೊತೆಗೆ ಹೊಸದೊಂದು ಋಣವೂ ಸೇರಿತು. 2019ರಿಂದ, ಕೈಯಲ್ಲಿ ಹಣ ಸಾಲದಿದ್ದರೆ ಫೋನೇ ಸಾಲ ಕೊಟ್ಟು ವ್ಯವಹಾರವನ್ನು ಪೂರೈಸುವ ಏರ್ಪಾಡು ಬಂದಿದೆ. ಗಳಿಗೆಯಲ್ಲಿ ಸಿಗುವ ಈ ಸಾಲಕ್ಕೆ ದಿನದಿನವೂ ಶುಲ್ಕ ಏರುತ್ತದೆ. ಸಾಲ ಕೊಟ್ಟವನಿಗೆ ಮುಖವಿಲ್ಲ. ಅವನೆದುರು ಕೈಮುಗಿದು, ಈ ವಾರ ಆಗದು ಸ್ವಾಮಿ ಎನ್ನುವಂತಿಲ್ಲ. ಸಹಪ್ರಯಾಣಿಕನ ಹಂಗು ತಪ್ಪಿತು, ಅಂಕಿಗಳ ಹಂಗು ಬಂತು.

ಹಣಕ್ಕೆ ಮುಖವಿಲ್ಲದಿರುವುದು ಇಂದಿನ ಮಾತಲ್ಲ. ಸ್ವಾಹಿಲಿಯ 'ಪೆಸಾ' ನಮ್ಮ ಪೈಸೆಯ ನೆಂಟ. 1920ರವರೆಗೂ ನೈರೋಬಿಯ ಪೇಟೆಯಲ್ಲಿ ಓಡುತ್ತಿದ್ದುದು ಭಾರತದ ರೂಪಾಯಿ. ಲಾಗೋಸಿನ ಕರಾವಳಿಯಲ್ಲಿ ಹಣವಾಗಿದ್ದುದು ಕವಡೆ. ನಮ್ಮ ಮಾಲ್ಡೀವ್ಸ್ ಕಡಲಿನ ಕವಡೆಗಳನ್ನು ಯೂರೋಪಿನ ಹಡಗುಗಳು ಅಲ್ಲಿಗೆ ಒಯ್ದು ಸುರಿದವು. ಬದಲಿಗೆ ಮನುಷ್ಯರನ್ನು ಕೊಂಡು ಗುಲಾಮರಾಗಿ ಸಾಗಿಸಿದವು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ನಾವು ಹಗುರವಾಗಿ ಆಡುವ ಮಾತು ಆ ತೀರದಲ್ಲಿ ಎಷ್ಟು ಭಾರವಾದೀತು! ಇಂದು ಲಾಗೋಸಿನ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ಬಳಸುವ ಕಾರ್ಡಿನ ಹೆಸರು 'ಕೌರಿ', ಎಂದರೆ ಕವಡೆಯೇ. ನೈರೋಬಿಯ ದಾರಿಯನ್ನೇ ಲಾಗೋಸೂ ಹಿಡಿದಿದೆ.

ಹಾಗಾದರೆ ತೂಗುವುದು ಹೇಗೆ? ನೋಟೇ ಇಲ್ಲವಾದಾಗ ಏನಾಯಿತೆಂದು ನೋಡಿ. 2022ರ ಅಕ್ಟೋಬರಿನಲ್ಲಿ ನೈಜೀರಿಯದ ಕೇಂದ್ರ ಬ್ಯಾಂಕು ದೊಡ್ಡ ನೋಟುಗಳನ್ನು ಬದಲಿಸುವುದಾಗಿ ಸಾರಿತು. 2023ರ ಮೊದಲ ತಿಂಗಳುಗಳಲ್ಲಿ ಹಳೆಯದು ಹೋಯಿತು, ಹೊಸದು ಸಾಕಷ್ಟು ಬರಲಿಲ್ಲ. 2016ರ ನವೆಂಬರನ್ನು ಕಂಡ ನಮಗೆ ಆ ಸಾಲುಗಳನ್ನು ವರ್ಣಿಸಬೇಕಾಗಿಲ್ಲ. ನಗದು ಒದಗಿಸುವ ಮಧ್ಯಸ್ಥರು ನೋಟನ್ನೇ ಸರಕು ಮಾಡಿ, ಮುಖಬೆಲೆಗಿಂತ ಹೆಚ್ಚಿಗೆ ಮಾರಿದರು. ಮಾರ್ಚ್ 3ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹಳೆಯ ನೋಟುಗಳು ವರ್ಷದ ಕೊನೆಯವರೆಗೂ ಸಲ್ಲುತ್ತವೆಂದಿತು. ಡ್ಯಾನ್‌ಫೊದಲ್ಲಿ ಗಂಟುಬೀಳುವ ಅಭ್ಯಾಸ ಲಾಗೋಸಿನ ಜನರನ್ನು ಪರಸ್ಪರ ಸುಲಿಗೆಯಿಂದ ಕಾಪಾಡಲಿಲ್ಲ.

ಆದರೆ ಆ ಊರಿನ ಪೇಟೆಯಲ್ಲಿ ಇನ್ನೊಂದು ಬಗೆಯ ನಂಟು ಇದೆ. ಕೊಳ್ಳುವವರು ಮಾರುವವಳನ್ನು 'ಕಸ್ಟಮರ್' ಎಂದು ಕರೆಯುತ್ತಾರೆ. ಅವಳೂ ಅವರನ್ನು ಹಾಗೆಯೇ ಕರೆಯುತ್ತಾಳೆ. ಇಬ್ಬರಿಗೂ ಒಂದೇ ಹೆಸರು! ಪೇಟೆಯವರ ದಿನದ ಉಳಿತಾಯವನ್ನು ಕೂಡಿಸಲು ಬರುವವನೊಬ್ಬನಿರುತ್ತಾನೆ. ತಿಂಗಳ ಕೊನೆಗೆ ಗಂಟನ್ನು ಹಿಂದಿರುಗಿಸಿ ಒಂದು ದಿನದ ಹಣವನ್ನು ಮಾತ್ರ ತನ್ನ ಕೂಲಿಯಾಗಿ ಇಟ್ಟುಕೊಳ್ಳುತ್ತಾನೆ. ನೈರೋಬಿಯಲ್ಲೂ 'ಚಾಮ' ಎಂಬ ಕೂಟಗಳಿವೆ. ಹತ್ತಾರು ಜನ ಕಲೆತು, ಸರದಿಯಂತೆ ಒಬ್ಬೊಬ್ಬರಿಗೆ ಗಂಟು ಕೊಡುತ್ತಾರೆ. ಇಲ್ಲಿ ಋಣವುಂಟು, ಮುಖವೂ ಉಂಟು. ಇದು ಕಂಡಕ್ಟರು ಹಾಕಿದ ಗಂಟಲ್ಲ. ತಾವೇ ಆರಿಸಿ ಹಾಕಿಕೊಂಡದ್ದು. ಬೇಡವೆನ್ನುವ ಸ್ವಾತಂತ್ರ್ಯವಿದ್ದೂ ಒಪ್ಪಿದ್ದು.

ನನಗೆ ಕಾಣುವ ಅಳತೆಗೋಲು ಇಷ್ಟೆ. ದಾರಿಹೋಕನ ಹಂಗಿಗೆ ಬಡವರನ್ನು ಬಲವಂತವಾಗಿ ದೂಡದಿರುವುದು ಊರಿನ ಕರ್ತವ್ಯ. ಅದನ್ನು ಯಂತ್ರ ಮಾಡಿದರೆ ಯಂತ್ರಕ್ಕೆ ನಮಸ್ಕಾರ. ಆದರೆ ಕಷ್ಟಕಾಲದಲ್ಲಿ ಸಾಲ ಹುಟ್ಟಬೇಕಾದದ್ದು ಮಾತು ಕೇಳಿಸಿಕೊಳ್ಳಬಲ್ಲ ಮನುಷ್ಯನಿಂದ. ಆ ಕೆಲಸವನ್ನು ಯಂತ್ರಕ್ಕೆ ಬಿಟ್ಟ ಊರು ಎಷ್ಟು ಸುಗಮವಾಗಿ ನಡೆದರೂ ಬಡವಾದಂತೆಯೇ. ಲಾಗೋಸ್ ಮೊದಲನೆಯದನ್ನು ಕಲಿಯುತ್ತಿದೆ. ನೈರೋಬಿ ಎರಡನೆಯದನ್ನು ಮರೆಯದಿರಲಿ. ಋಣವೇ ಇಲ್ಲದ ಬಾಳು ಯಾರಿಗೂ ಇಲ್ಲ. ತೀರಿಸುವಾಗ ಎದುರಿಗೆ ಒಂದು ಮುಖ ಕಂಡರೆ ಅದೇ ಭಾಗ್ಯ.