ತಾಳಿಕೊಳ್ಳುವುದು ಬೇರೆ, ಬಚ್ಚಿಡುವುದು ಬೇರೆ

ಧಮ್ಮ ಬಂಧುಗಳೇ, ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಕಳೆದ ಭಾನುವಾರ ಅಧ್ಯಯನ ಮುಗಿದ ಮೇಲೆ ಹಿರಿಯ ಉಪಾಸಕರೊಬ್ಬರು ಪ್ರೀತಿಯಿಂದಲೇ ಒಂದು ಮಾತು ಹೇಳಿದರು: "ಟೀಚರ್, ಧ್ಯಾನ ಇನ್ನಷ್ಟು ಗಟ್ಟಿಯಾಗಿ ಮಾಡಿ, ನೋವು ತಾನಾಗಿಯೇ ಹೋಗುತ್ತದೆ." ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ಮನೆಯವರೆಗೂ ಬಂತು. ನೋವು ಹೋಗದಿದ್ದರೆ ನನ್ನ ಧ್ಯಾನದಲ್ಲೇ ಕೊರತೆ ಇದೆ ಎಂದಾಗುತ್ತದಲ್ಲವೇ? ಇದೇ ಮಾತನ್ನು ನಮ್ಮ ಸಂಬಂಧಿಯೊಬ್ಬರು ಬೇರೆ ರೀತಿಯಲ್ಲಿ ಹೇಳಿದ್ದರು: "ಹೋದ ಜನ್ಮದ್ದು, ಅನುಭವಿಸಿ ಕಳೆಯಬೇಕು." ಎರಡೂ ಮಾತಿನಲ್ಲಿ ತಪ್ಪು ನನ್ನದೇ.

ನಿಮ್ಮಲ್ಲಿ ಹಲವರಿಗೆ ಗೊತ್ತಿಲ್ಲ, ನಾನೇ ಹೇಳಿರಲಿಲ್ಲ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇದೆ. ಏಳು ವರ್ಷವಾಯಿತು. ವಿದ್ಯುತ್ ತಂತಿಯ ಮೇಲೆ ಪ್ಲಾಸ್ಟಿಕ್ ಕವಚ ಇರುವಂತೆ ನಮ್ಮ ನರಗಳ ಮೇಲೆ ಮೈಲಿನ್ ಎಂಬ ಪೊರೆ ಇರುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಮಿದುಳು, ಬೆನ್ನುಹುರಿಗಳಲ್ಲಿರುವ ಆ ಪೊರೆಯನ್ನು ಕೆಡಿಸುತ್ತದೆ. ಆಗ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ. ಮಿದುಳು ಸ್ನಾಯುಗಳಿಗೆ "ಬಿಗಿಯಾಗು" ಎಂದಷ್ಟೇ ಅಲ್ಲ, "ಸಾಕು, ಸಡಿಲಾಗು" ಎಂದೂ ಹೇಳುತ್ತಿರಬೇಕು. ನನ್ನ ಕಾಲುಗಳಿಗೆ ಈ ಎರಡನೆಯ ಮಾತು ಕೇಳಿಸುವುದಿಲ್ಲ. ಅದೇ ಸೆಳೆತ.

ಅದು ಹೆಚ್ಚಾಗಿ ರಾತ್ರಿ ಬರುತ್ತದೆ. ಮೀನಖಂಡ ಕಲ್ಲಾಗುತ್ತದೆ, ಪಾದ ಕೆಳಮುಖವಾಗಿ ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಮೊಣಕಾಲು ತಾನಾಗಿಯೇ ಹೊಟ್ಟೆಯ ಕಡೆಗೆ ಮಡಚಿಕೊಳ್ಳುತ್ತದೆ. ಬಟ್ಟೆ ಹಿಂಡಿದ ಹಾಗೆ ಯಾರೋ ಕಾಲು ಹಿಂಡುತ್ತಿದ್ದಾರೆ ಅನ್ನಿಸುತ್ತದೆ. ಒಂದು ನಿಮಿಷ, ಎರಡು ನಿಮಿಷ. ಆ ಹೊತ್ತಿನಲ್ಲಿ ಯಾವ ಸುತ್ತವೂ ನೆನಪಿಗೆ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ಕರ್ಮದ ಮಾತಿಗೆ ಬರುತ್ತೇನೆ. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆಯನ್ನು ಭಗವಾನರ ಮುಂದಿಡುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು. ಬುದ್ಧರು ಎಂಟು ಕಾರಣಗಳನ್ನು ಎಣಿಸುತ್ತಾರೆ: ಪಿತ್ತ, ಕಫ, ವಾತ, ಇವು ಕೂಡಿ ಕೆಡುವುದು, ಋತುವಿನ ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬೀಳುವ ಪೆಟ್ಟು, ಕೊನೆಗೆ ಕರ್ಮ. ಕರ್ಮ ಅಲ್ಲಿ ಎಂಟರಲ್ಲಿ ಒಂದು. ಎಲ್ಲವೂ ಅದರಿಂದಲೇ ಎನ್ನುವವರು ಕಣ್ಣೆದುರು ಕಾಣುವುದನ್ನೂ ಲೋಕ ತಿಳಿದಿರುವುದನ್ನೂ ಮೀರಿ ಮಾತಾಡುತ್ತಿದ್ದಾರೆ ಎನ್ನುವುದು ಅವರ ಉತ್ತರ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಬಡವರ, ತುಳಿತಕ್ಕೊಳಗಾದವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರದೆ ತಪ್ಪಿಸಿಕೊಳ್ಳಲು ಮಾತ್ರ ಈ ಹಿಂದಿನ ಜನ್ಮದ ಸಿದ್ಧಾಂತ ಉಪಯೋಗಕ್ಕೆ ಬರುತ್ತದೆ ಎಂದು ತೋರಿಸುತ್ತಾರೆ. ಇದು ಜಾತಿಯ ಬಗ್ಗೆ ಎಂದು ನಾನು ಅಂದುಕೊಂಡಿದ್ದೆ. ನನ್ನ ಕಾಲಿನ ಬಗ್ಗೆಯೂ ಹೌದು ಎಂದು ತಿಳಿದದ್ದು ಎರಡು ವರ್ಷದ ಹಿಂದೆ.

ಆ ಬೇಸಿಗೆ ಸೆಳೆತ ವಿಪರೀತ ಹೆಚ್ಚಿತು. ಬಿಸಿಲಿಗೆ ಈ ಕಾಯಿಲೆಯ ತೊಂದರೆಗಳು ಹೆಚ್ಚಾಗುತ್ತವೆ, ನಮ್ಮ ಕಲಬುರಗಿಯ ಬಿಸಿಲಂತೂ ನಿಮಗೆ ಗೊತ್ತೇ ಇದೆ. ಆದರೆ ಡಾಕ್ಟರು ಬೇರೆಯೇ ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?" ನಾನು ತಲೆ ತಗ್ಗಿಸಿದೆ. ಆಗ ನಾನಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳು ಉಪಯೋಗಿಸುವಂಥ ಶೌಚಾಲಯ ಇರಲಿಲ್ಲ. ಇದ್ದ ಒಂದಕ್ಕೆ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾನು ನೀರು ಮುಟ್ಟುತ್ತಿರಲಿಲ್ಲ. ಮೂತ್ರದ ಸೋಂಕಾಗಿತ್ತು. ಮೂತ್ರಕೋಶ ತುಂಬಿರುವುದು, ಅದರ ಸೋಂಕು, ಮಲಬದ್ಧತೆ, ಬಿಗಿಯಾದ ಚಪ್ಪಲಿ, ಸಣ್ಣದೊಂದು ಹುಣ್ಣು ಸಹ ಇಂಥ ಸೆಳೆತವನ್ನು ಕೆರಳಿಸುತ್ತವೆ ಎಂದು ಅವರು ವಿವರಿಸಿದರು. ಸೋಂಕಿಗೆ ಔಷಧಿ ಕೊಟ್ಟರು. ಎರಡು ವಾರದಲ್ಲಿ ರಾತ್ರಿಗಳು ಮೊದಲಿನ ಸ್ಥಿತಿಗೆ ಬಂದವು.

ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ ಎಂದು ಪ್ರತೀತ್ಯ ಸಮುತ್ಪಾದವನ್ನು ನಾವು ಎಷ್ಟು ಸಲ ಓದಿದ್ದೇವೆ! ನನ್ನ ನೋವಿನ ಒಂದು ಕಾರಣ ಕಾಣದ ಯಾವ ಜನ್ಮದಲ್ಲೂ ಇರಲಿಲ್ಲ. ಚಿಲಕವಿಲ್ಲದ ಒಂದು ಬಾಗಿಲಿನಲ್ಲಿತ್ತು. "ಅನುಭವಿಸಿ ಕಳೆಯಬೇಕು" ಎಂದು ಕೂತಿದ್ದರೆ ಚಿಲಕ ಹಾಕಿಸುವವರು ಯಾರು? ಎಲ್ಲ ಕಾರಣಗಳನ್ನೂ ಹೀಗೆ ತೆಗೆದುಹಾಕಲು ಆಗುವುದಿಲ್ಲ. ಮೂಲ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಆದರೆ ತೆಗೆಯಬಹುದಾದದ್ದನ್ನು ತೆಗೆಯದೆ ಉಳಿದದ್ದಕ್ಕೆ ಸಹನೆ ಬೋಧಿಸುವುದು ಧಮ್ಮವಲ್ಲ.

ಹಾಗಾದರೆ ನಾನು ಅಷ್ಟು ದಿನ ಏಕೆ ಬಾಯಿಬಿಡಲಿಲ್ಲ? ಇದು ನನಗೆ ಕಷ್ಟದ ಪ್ರಶ್ನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಸ್ಟಾಫ್ ರೂಮಿನಲ್ಲಿ ಒಬ್ಬರು "ಕೋಟಾದಲ್ಲಿ ಬಂದವರು" ಎಂದದ್ದು ಕಿವಿಗೆ ಬಿದ್ದಿತ್ತು. ಅಂದಿನಿಂದ ಒಂದು ದಿನವೂ ತಡವಾಗಬಾರದು, ಒಂದು ಪಾಠವೂ ತಪ್ಪಬಾರದು ಎಂದು ಹಠ. ಕಾಯಿಲೆ ಬಂದಾಗ ಇನ್ನೊಂದು ಹಣೆಪಟ್ಟಿ ಬೇಡವೆಂದು ಬಚ್ಚಿಟ್ಟೆ. ಬೋರ್ಡಿನ ಮುಂದೆ ಕಾಲು ಸೆಟೆದರೆ ಮೇಜು ಹಿಡಿದು "ಈ ಪದ್ಯವನ್ನು ಮನಸ್ಸಿನಲ್ಲೇ ಓದಿಕೊಳ್ಳಿ" ಎನ್ನುತ್ತಿದ್ದೆ. ಡಾಕ್ಟರು ಕೇಳಿದರೂ "ಪರವಾಗಿಲ್ಲ ಸರ್" ಎನ್ನುತ್ತಿದ್ದೆ. ಪರವಾಗಿಲ್ಲ ಎಂದವಳಿಗೆ ಅವರು ಬ್ಯಾಕ್ಲೋಫೆನ್ ಮಾತ್ರೆಯ ಪ್ರಮಾಣವನ್ನು ಹೇಗೆ ಸರಿಪಡಿಸಿಯಾರು? ಇದನ್ನೇ ನಾನು ಖಂತಿ ಎಂದುಕೊಂಡಿದ್ದೆ.

ವಿನಯಪಿಟಕದ ಮಹಾವಗ್ಗದಲ್ಲಿ ಅತಿಸಾರದಿಂದ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವಿನ ಪ್ರಸಂಗ ಬರುತ್ತದೆ. ಬುದ್ಧರು ನೀರು ಹೊಯ್ದರು, ಆನಂದರು ತೊಳೆದರು. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಮಂಚದ ಮೇಲೆ ಮಲಗಿಸಿದರು. ಯಾರೂ ಏಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದ್ದಕ್ಕೆ ಬಂದ ಉತ್ತರ: ಅವನಿಂದ ನಮಗೇನೂ ಉಪಯೋಗವಿಲ್ಲ. ನನ್ನ ಭಯವೂ ಅದೇ ಆಗಿತ್ತು, ನಾಳೆ ಉಪಯೋಗಕ್ಕೆ ಬಾರದವಳಾದರೆ? ಬುದ್ಧರು ಉಪಯೋಗದ ಲೆಕ್ಕವನ್ನೇ ಹಾಕಲಿಲ್ಲ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು. ಹೊಲಸು ಮುಟ್ಟುವ ಕೆಲಸವನ್ನು ಹುಟ್ಟಿನ ಲೆಕ್ಕದಲ್ಲಿ ನಮ್ಮ ಹಿರಿಯರ ತಲೆಗೆ ಕಟ್ಟಿದ ನಾಡಿನಲ್ಲಿ, ಶಾಕ್ಯರ ಮಗ ಆ ಕೋಣೆಗೆ ತಾನೇ ನೀರು ಹಿಡಿದು ಹೋದರು.

ಅಲ್ಲಿಯೇ ಮುಂದೆ ಒಳ್ಳೆಯ ರೋಗಿಯ ಐದು ಗುಣಗಳಿವೆ. ಹಿತವಾದದ್ದನ್ನು ಮಾಡುವುದು, ಅದರಲ್ಲೂ ಮಿತಿ ತಿಳಿದಿರುವುದು, ಔಷಧಿ ತೆಗೆದುಕೊಳ್ಳುವುದು, ಕಾಯಿಲೆ ಹೆಚ್ಚಿದೆಯೋ ಇಳಿದಿದೆಯೋ ಹಾಗೇ ಇದೆಯೋ ಎಂದು ನೋಡಿಕೊಳ್ಳುವವರಿಗೆ ನಿಜ ಹೇಳುವುದು, ನೋವನ್ನು ತಾಳಿಕೊಳ್ಳುವುದು. ನೋಡಿ, ನಿಜ ಹೇಳುವುದೂ ತಾಳಿಕೊಳ್ಳುವುದೂ ಒಂದೇ ಪಟ್ಟಿಯಲ್ಲಿ ಜೊತೆಜೊತೆಗೆ ಇವೆ. ಒಂದು ಇನ್ನೊಂದಕ್ಕೆ ವಿರುದ್ಧವಲ್ಲ. ಕಪಿಲವಸ್ತುವಿನ ಹೊಸ ಸಭಾಭವನದಲ್ಲಿ ಬುದ್ಧರೇ, ಬೆನ್ನು ನೋಯುತ್ತಿದೆ, ನೀನು ಉಪದೇಶ ಮಾಡು ಎಂದು ಆನಂದರಿಗೆ ಹೇಳಿ ಮಲಗಿದರಲ್ಲ! ಅವರ ಧ್ಯಾನದಲ್ಲಿ ಕೊರತೆ ಇತ್ತೆಂದು ಯಾರಾದರೂ ಹೇಳುತ್ತೀರಾ?

ಹಾಗಾದರೆ ಧ್ಯಾನದಿಂದ ಏನೂ ಇಲ್ಲವೇ? ಇದೆ. ಸಲ್ಲ ಸುತ್ತದ ಎರಡು ಬಾಣಗಳ ಉಪಮೆ ನಿಮಗೆ ಗೊತ್ತು. ಮೊದಲ ಬಾಣ ದೇಹದ ನೋವು, ಎರಡನೆಯದು ಅದರ ಮೇಲೆ ಮನಸ್ಸು ಹೂಡುವ ಗೋಳು, ಸಿಟ್ಟು, ಭಯ. ತಿಳಿದವನಿಗೂ ಮೊದಲ ಬಾಣ ನಾಟುತ್ತದೆ, ನಾಟಿದರೆ ನೋಯುತ್ತದೆ. ನನ್ನ ಅನುಭವ ಇಷ್ಟು: ಎರಡನೆಯ ಬಾಣ ನನ್ನೊಬ್ಬಳಿಗೇ ಬೀಳುವುದಿಲ್ಲ, ಹತ್ತಿರ ಇದ್ದವರಿಗೂ ತಗಲುತ್ತದೆ. ಒಂದು ರಾತ್ರಿ ಕಾಲು ಹಿಡಿಯಲು ಓಡಿಬಂದ ಮಗಳಿಗೆ "ಮುಟ್ಟಬೇಡ, ನಿನಗೇನು ಗೊತ್ತಾಗುತ್ತೆ" ಎಂದು ಚೀರಿದೆ. ಅವಳು ಬಾಗಿಲ ಬಳಿ ನಿಂತೇ ಇದ್ದಳು. ಸೆಳೆತ ಎರಡು ನಿಮಿಷದಲ್ಲಿ ಹೋಯಿತು. ಅವಳ ಆ ಮುಖ ಇನ್ನೂ ಹೋಗಿಲ್ಲ.

ಈಗ ನಮ್ಮ ಅಭ್ಯಾಸ ಬೇರೆ. ಮಲಗುವ ಮುಂಚೆ ಫಿಸಿಯೋಥೆರಪಿಯವರು ಕಲಿಸಿದಂತೆ ಮೀನಖಂಡ, ತೊಡೆಗಳನ್ನು ನಿಧಾನವಾಗಿ ಹಿಗ್ಗಿಸುತ್ತೇನೆ. ಮಾತ್ರೆ ತಪ್ಪಿಸುವುದಿಲ್ಲ. ಬ್ಯಾಕ್ಲೋಫೆನನ್ನು ನಮ್ಮಷ್ಟಕ್ಕೆ ಥಟ್ಟನೆ ನಿಲ್ಲಿಸುವುದು ಅಪಾಯ, ಇದನ್ನು ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ನೆನಪಿಡಿ. ಸೆಳೆತ ಬಂದಾಗ ಅದರ ವಿರುದ್ಧ ಜಗ್ಗಾಡುವುದಿಲ್ಲ. "ಬಂತು" ಎನ್ನುತ್ತೇನೆ, ಉಸಿರನ್ನು ಉದ್ದವಾಗಿ ಬಿಡುತ್ತೇನೆ, ಎಣಿಸುತ್ತೇನೆ. ಮಗಳು ಪಾದವನ್ನು ಮೆಲ್ಲಗೆ ಮೇಲ್ಮುಖವಾಗಿ ಒತ್ತಿ ಹಿಡಿಯುತ್ತಾಳೆ. ನೋವು ಇದ್ದೇ ಇರುತ್ತದೆ, ಆದರೆ ಚೀರಾಟ ನಿಂತಿದೆ. ಧ್ಯಾನ ನನಗೆ ಕೊಟ್ಟದ್ದು ಅಷ್ಟು, ಅದು ಸಣ್ಣದಲ್ಲ.

ಶಾಲೆಯಲ್ಲೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಈ ಕಾಯಿಲೆಯೂ ಸೇರಿದೆ. ಮೀಸಲಾತಿ ಹೇಗೆ ಭಿಕ್ಷೆಯಲ್ಲವೋ ಕೂತು ಪಾಠ ಮಾಡಲು ಒಂದು ಎತ್ತರದ ಕುರ್ಚಿ ಕೇಳುವುದೂ ಹಾಗೆಯೇ ಭಿಕ್ಷೆಯಲ್ಲ. ಮೊದಲ ದಿನ ಕುರ್ಚಿಯ ಮೇಲೆ ಕೂತಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಏನೂ ಕೇಳದೆ ಬಂದು ಡಸ್ಟರನ್ನು ಕೈಗೆಟುಕುವಂತೆ ಇಟ್ಟು ಹೋದ.

ಬಾಬಾಸಾಹೇಬರು ಕೊನೆಯ ವರ್ಷಗಳಲ್ಲಿ ಮಧುಮೇಹ, ಕಾಲುನೋವುಗಳ ನಡುವೆಯೇ ತಮ್ಮ ಮಹಾಗ್ರಂಥ ಮುಗಿಸಿದರು. ಅದಕ್ಕೆ ಬರೆದ, ಮೊದಲ ಮುದ್ರಣದಲ್ಲಿ ಸೇರದೇ ಹೋದ ಮುನ್ನುಡಿಯಲ್ಲಿ ತಮ್ಮನ್ನು ನೋಡಿಕೊಂಡ ಪತ್ನಿಯನ್ನೂ ವೈದ್ಯರನ್ನೂ ಕೃತಜ್ಞತೆಯಿಂದ ನೆನೆದರು. ಅವರೂ ಬಚ್ಚಿಡಲಿಲ್ಲ.

ಆ ಹಿರಿಯ ಉಪಾಸಕರ ಮೇಲೆ ನನಗೆ ಬೇಸರವಿಲ್ಲ. ಮುಂದಿನ ಸಲ ಅವರು ಒಂದೇ ಮಾತು ಕೇಳಲಿ: "ಟೀಚರ್, ಇವತ್ತು ಹೇಗಿದೆ?" ನಾನು ನಿಜ ಹೇಳುತ್ತೇನೆ.

ಇಂದು ಯೋಚಿಸಲು: ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ "ಪರವಾಗಿಲ್ಲ" ಎನ್ನುತ್ತಿರುವವರು ಯಾರು? ಅವರ ನೋವಿನ ಕಾರಣಗಳಲ್ಲಿ ನಾವು ತೆಗೆಯಬಹುದಾದದ್ದು ಯಾವುದು?