ಮೃಗಶಿರ: ಬಾಣ ತಗುಲಿದವನ ಹೆಸರು

ಆಂಧ್ರದ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ರೈತರು ಜೂನ್ 7 ಅಥವಾ 8ರಿಂದ ಸುಮಾರು ಎರಡು ವಾರ ಬೀಳುವ ಮಳೆಯನ್ನು ಮೃಗಶಿರ ಮಳೆ ಎನ್ನುತ್ತಾರೆ. ನೆರೆಯ ತೆಲುಗರಿಗೆ ಅದೇ ಅವಧಿ ಮೃಗಶಿರ ಕಾರ್ತೆ. ಈ ಹೆಸರಿನ ನಕ್ಷತ್ರವೆಂದರೆ, ಗ್ರೀಕರು ಓರಿಯನ್ ಎಂಬ ಬೇಟೆಗಾರನನ್ನು ಕಂಡ ತಾರಾಪುಂಜದ ತಲೆಯ ಭಾಗದಲ್ಲಿರುವ ಮೂರು ಮಸುಕು ಚುಕ್ಕೆಗಳು. ಒಬ್ಬರು ಬೇಟೆಗಾರನನ್ನು ಕಂಡಲ್ಲಿ ಇನ್ನೊಬ್ಬರು ಬೇಟೆಯಾದ ಜಿಂಕೆಯನ್ನು ಕಂಡದ್ದರ ಹಿಂದೆ, ಎಲ್ಲೆ ಮೀರಿದವನ ಗತಿಯೇನು ಎಂಬ ಧಾರ್ಮಿಕ ಪ್ರಶ್ನೆಯಿದೆ.

ಗ್ರೀಕ್ ಕಥೆಯ ಒಂದು ಪಾಠದಂತೆ, ಭೂಮಿಯ ಸಕಲ ಮೃಗಗಳನ್ನೂ ಕೊಲ್ಲುವೆನೆಂದು ಬೀಗಿದ ಓರಿಯನ್ ಭೂದೇವಿ ಗಯಾ ಕಳುಹಿಸಿದ ಚೇಳಿನಿಂದ ಸಾಯುತ್ತಾನೆ. ವೃಶ್ಚಿಕ ಮೂಡುವಾಗ ಅವನು ಮುಳುಗುವುದು ಅದಕ್ಕಾಗಿಯೇ. ಋಗ್ವೇದಕ್ಕೆ ಸೇರಿದ, ಯಜ್ಞವಿಧಿಗಳನ್ನು ವಿವರಿಸುವ ಐತರೇಯ ಬ್ರಾಹ್ಮಣದಲ್ಲಾದರೋ ತಪ್ಪಿತಸ್ಥನು ಸ್ವತಃ ಸೃಷ್ಟಿಕರ್ತ. ಪ್ರಜಾಪತಿಯು ಗಂಡುಜಿಂಕೆಯಾಗಿ, ಹೆಣ್ಣುಜಿಂಕೆಯ ರೂಪದಲ್ಲಿದ್ದ ತನ್ನ ಮಗಳನ್ನೇ ಕೂಡಲು, ಅವನನ್ನು ದಂಡಿಸಬಲ್ಲವರು ತಮ್ಮಲ್ಲಿ ಯಾರೂ ಇಲ್ಲವೆಂದು ಕಂಡ ದೇವತೆಗಳು ತಮ್ಮ ಘೋರಾಂಶಗಳನ್ನೆಲ್ಲ ಒಟ್ಟುಗೂಡಿಸಿ ಒಬ್ಬ ದೇವನನ್ನು ರೂಪಿಸುತ್ತಾರೆ. ಪರಂಪರೆ ರುದ್ರನೆಂದು ಗುರುತಿಸುವ ಅವನು ಪಶುಗಳ ಒಡೆತನವನ್ನು ವರವಾಗಿ ಪಡೆದು ಬಾಣ ಬಿಡುತ್ತಾನೆ. ಬಾಣ ತಗುಲಿ ಮೇಲಕ್ಕೆ ನೆಗೆದವನು ಮೃಗ, ಮಗಳು ರೋಹಿಣಿ, ಹೊಡೆದವನು ಮೃಗವ್ಯಾಧ, ಅಂದರೆ ಲುಬ್ಧಕವೆಂಬ ಉಜ್ವಲ ತಾರೆ. ಗ್ರೀಕರು ಬೇಟೆಗಾರನ ನಡುಪಟ್ಟಿ ಎಂದ ಮೂರು ಚುಕ್ಕೆಗಳೇ ಆ ಬಾಣ.

ಅಲ್ಲಿ ಎಲ್ಲೆ ಮೀರಿದವನು ಬೇಟೆಗಾರ. ಇಲ್ಲಿ ಎಲ್ಲೆ ಕಾಯುವವನೇ ಬೇಟೆಗಾರ. ಮಡಕಶಿರಾಕ್ಕೆ ದೂರವಲ್ಲದ ಲೇಪಾಕ್ಷಿಯಲ್ಲಿ, 16ನೆಯ ಶತಮಾನದ ವೀರಭದ್ರ ದೇವಾಲಯದ ಚಾವಣಿಯ ಮೇಲೆ ಶಿವನು ಕಿರಾತನಾಗಿ ಅರ್ಜುನನನ್ನು ಎದುರಿಸುವ ಚಿತ್ರವಿದೆ. ಕಥೆ ಬೇರೆಯಾದರೂ ಬೇಡನ ವೇಷ ಅದೇ ದೇವರದು. ಐತರೇಯದ ಕಥೆಯಲ್ಲಿ ಹೆಚ್ಚು ಕಾಡುವ ಸಂಗತಿಯೆಂದರೆ, ಶಿಕ್ಷೆಯಾದ ಮೇಲೂ ಸೃಷ್ಟಿಕರ್ತನ ತಪ್ಪನ್ನು ಮುಚ್ಚಿಡದೆ, ಬಾಣ ನಾಟಿದಂತೆಯೇ ಎಲ್ಲರ ಕಣ್ಣಿಗೂ ಬೀಳುವೆಡೆ ಇರಿಸಿರುವುದು.

ಹೊಲದಲ್ಲಿ ಈ ಕಥೆಯ ನೆನಪು ಅಷ್ಟಾಗಿ ಉಳಿದಿಲ್ಲ. ಕ್ರಾಂತಿವೃತ್ತ, ಅಂದರೆ ಆಕಾಶದಲ್ಲಿ ಸೂರ್ಯನು ಸಾಗುವಂತೆ ತೋರುವ ದಾರಿ, 27 ಪಾಲಾಗಿದ್ದು, ಸೂರ್ಯನು ಒಂದೊಂದರಲ್ಲೂ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅವನು ಮೃಗಶಿರದಲ್ಲಿರುವ ಕಾಲವೇ ಮೃಗಶಿರ ಮಳೆಯದಾದ್ದರಿಂದ, ಆಗ ಆ ಚುಕ್ಕೆಗಳು ಅವನ ಬೆಳಕಿನಲ್ಲಿ ಮರೆಯಾಗಿರುತ್ತವೆ. ಗ್ರೀಕ್ ಕವಿ ಹೆಸಿಯಡ್ ತನ್ನ ನಾಡಿನ ರೈತನಿಗೆ ಓರಿಯನ್ ಮೊದಲು ಕಾಣಿಸಿಕೊಂಡಾಗ ಒಕ್ಕಣೆ ಮಾಡಲು ಹೇಳಿದರೆ, ಕಡಲೆಕಾಯಿ ಬಿತ್ತನೆಗೆ ನೆಲ ಹದಮಾಡುವ ಇಲ್ಲಿನ ರೈತನು ಕಾಣದಿರುವ ನಕ್ಷತ್ರವನ್ನು ಪಂಚಾಂಗದ ಮಾತಿನ ಮೇಲೆ ನಂಬುತ್ತಾನೆ. ಜೂನ್ 21 ಅಥವಾ 22ಕ್ಕೆ ಮುಂದಿನ ಮಳೆನಕ್ಷತ್ರ ಆರ್ದ್ರೆ ಹುಟ್ಟುತ್ತದೆ; ಅದರ ಅಧಿದೇವತೆ ರುದ್ರ.